ಸಣ್ಣ ಕಚೇರಿಗೆ ಯಾವುದು: ಒಂದೇ ನೆಟ್‌ವರ್ಕೋ, ವಿಎಲ್ಯಾನ್‌ಗಳೋ?

ವಿಎಲ್ಯಾನ್ ಅಂದರೆ ಅದೇ ಸ್ವಿಚ್‌ಗಳ ಮೇಲೆ ಬೇರೆಬೇರೆಯಾಗಿ ವಿಂಗಡಿಸಿದ ನೆಟ್‌ವರ್ಕ್. ಐವತ್ತು ಅರವತ್ತು ಸಾಧನಗಳಿಗೆ ಒಂದೇ ಸಬ್‌ನೆಟ್ (ಐಪಿ ವಿಳಾಸಗಳ ಒಂದು ಗುಂಪು) ಧಾರಾಳ ಸಾಕು. /24 ಗಾತ್ರದ ಸಬ್‌ನೆಟ್ ಅಂದರೆ ಬಳಸಲು 254 ವಿಳಾಸ. ಒಂದು ರೂಟರ್, ಒಂದೆರಡು ಸ್ವಿಚ್, ಅಷ್ಟೇ. ಕೆಟ್ಟರೆ ಎಲ್ಲಿ ಕೆಟ್ಟಿದೆಯೆಂದು ಬೇಗ ಗೊತ್ತಾಗುತ್ತದೆ. ದೊಡ್ಡ ಅಪಾಯ ಲೂಪ್. ಯಾರಾದರೂ ಒಂದೇ ಕೇಬಲ್‌ನ ಎರಡೂ ತುದಿಗಳನ್ನು ಗೋಡೆಯ ಪೋರ್ಟ್‌ಗಳಿಗೆ ಸಿಕ್ಕಿಸಿದರೆ ಬ್ರಾಡ್‌ಕಾಸ್ಟ್ ಫ್ರೇಮ್‌ಗಳು (ಎಲ್ಲ ಸಾಧನಗಳಿಗೂ ಹೋಗುವ ಡೇಟಾ ತುಣುಕುಗಳು) ಸುತ್ತುತ್ತಲೇ ಇರುತ್ತವೆ. ಈಥರ್‌ನೆಟ್ ಫ್ರೇಮ್‌ಗೆ ಟಿಟಿಎಲ್, ಅಂದರೆ ಇಷ್ಟು ಸುತ್ತಿದ ಮೇಲೆ ನಿಲ್ಲಬೇಕೆಂಬ ಮಿತಿ, ಇಲ್ಲವಲ್ಲ. ಕ್ಷಣಾರ್ಧದಲ್ಲಿ ಇಡೀ ಕಚೇರಿಯ ನೆಟ್ ನಿಲ್ಲುತ್ತದೆ. ಹಾಗಾಗಿ ಸ್ವಲ್ಪ ದುಬಾರಿಯಾದರೂ ಆರ್‌ಎಸ್‌ಟಿಪಿ (ಲೂಪ್ ಪತ್ತೆಹಚ್ಚಿ ಆ ದಾರಿ ಮುಚ್ಚುವ ವ್ಯವಸ್ಥೆ) ಇರುವ ಸ್ವಿಚ್ಚನ್ನೇ ಕೊಳ್ಳಿ.

ಅತಿಥಿಗಳ ವೈಫೈ ಅಥವಾ ಸಿಸಿಟಿವಿ ಕ್ಯಾಮೆರಾ ಇದ್ದರೆ ಅವನ್ನು ಕಚೇರಿಯ ಕಂಪ್ಯೂಟರ್‌ಗಳಿಂದ ಬೇರೆ ಇಡಲು ವಿಎಲ್ಯಾನ್ ಬೇಕು. ಆಗ ಪ್ರತಿ ವಿಎಲ್ಯಾನ್‌ಗೂ ಗೇಟ್‌ವೇ (ಹೊರಗೆ ಹೋಗುವ ದಾರಿಯ ವಿಳಾಸ), ಡಿಎಚ್‌ಸಿಪಿ ಸ್ಕೋಪ್ (ಸಾಧನಗಳಿಗೆ ತಾನಾಗಿ ಹಂಚುವ ವಿಳಾಸಗಳ ಪಟ್ಟಿ), ಫೈರ್‌ವಾಲ್ ನಿಯಮ (ಯಾವುದು ಯಾವುದರೊಡನೆ ಮಾತಾಡಬಹುದೆಂಬುದು) ಬೇರೆಬೇರೆ. ನಿಯಮ ಹಾಕದಿದ್ದರೆ ಹೆಚ್ಚಿನ ರೂಟರ್‌ಗಳು ಎಲ್ಲವನ್ನೂ ಮತ್ತೆ ಬೆಸೆದುಬಿಡುತ್ತವೆ, ಪಟ್ಟ ಶ್ರಮವೆಲ್ಲ ವ್ಯರ್ಥ. ಕಂಪ್ಯೂಟರ್‌ಗೆ 169.254ರಿಂದ ಶುರುವಾಗುವ ವಿಳಾಸ ಬಂದಿದೆಯೇ? ಅಂದರೆ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ. ಮೊದಲು ಟ್ರಂಕ್ ಪೋರ್ಟ್‌ನಲ್ಲಿ (ಹಲವು ವಿಎಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟ್) ಆ ವಿಎಲ್ಯಾನ್ ಸೇರಿಸಿದ್ದೀರಾ ನೋಡಿ, ಆಮೇಲೆ ಡಿಎಚ್‌ಸಿಪಿ ರಿಲೇ (ವಿಳಾಸದ ಕೋರಿಕೆಯನ್ನು ಬೇರೆ ನೆಟ್‌ವರ್ಕ್‌ನಲ್ಲಿರುವ ಡಿಎಚ್‌ಸಿಪಿ ಸರ್ವರ್‌ಗೆ ತಲುಪಿಸುವುದು) ನೋಡಿ.

ಕಚೇರಿಗೆ ವಿಎಲ್ಯಾನ್ ಸಂಖ್ಯೆ 10, ಕ್ಯಾಮೆರಾಗೆ 20, ಅತಿಥಿಗಳಿಗೆ 30: ಮೂರು ಸಾಕು. ವಿಭಾಗಕ್ಕೊಂದರಂತೆ ಹನ್ನೆರಡು ಮಾಡಿದರೆ ಪ್ರಿಂಟರ್ ಹಂಚಿಕೊಳ್ಳುವುದಕ್ಕೂ ಹೊಸ ನಿಯಮ ಬರೆಯಬೇಕಾಗುತ್ತದೆ.