ಫೀ ಕಟ್ಟಿಸಿಕೊಂಡ ಮೇಲೆ ನಿಯಮ ಬದಲಿಸುವ ಫೋಟೋ ಸ್ಪರ್ಧೆಗಳು: ಕಲಬುರಗಿ ಭಾಗದವರು ನೋಡಿಕೊಂಡು ಕಳಸ್ರಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸುದ್ದಿ ಛಾಯಾಗ್ರಾಹಕರಿಗೆ ಅಂತ ನಡೆದ ಸ್ಪರ್ಧೆಯೊಂದರಲ್ಲಿ ಎಂಟ್ರಿ ತಗೊಂಡ ಮೇಲೆ ನಾಲ್ಕು ನಿಯಮ ಬದಲಾದವು. ಫೀ ವಾಪಸ್ ಬರಲಿಲ್ಲ, ಕಳಿಸಿದ ಚಿತ್ರ ಹಿಂದಕ್ಕೆ ಪಡೆಯುವ ದಾರಿಯೂ ಇರಲಿಲ್ಲ. ಆಯೋಜಕರ ಹೆಸರು ಇಲ್ಲಿ ಹಾಕಿಲ್ಲ. ಇದೇ ಆಟ ನಾಳೆ ಬೇರೆ ಬ್ಯಾನರ್ ಕೆಳಗೆ ಬಂದಾಗ ಗುರುತು ಸಿಗಲಿ ಅಂತ ನಡೆದದ್ದನ್ನು ಬಿಡಿಸಿ ಬರೆದಿದೆ.

ಮೊದಲು ವಾಟ್ಸಾಪ್‌ನಲ್ಲಿ ಹರಿದಾಡಿದ ಪಿಡಿಎಫ್‌ನಲ್ಲಿ ಇದ್ದದ್ದು ಇಷ್ಟು: ನಾಲ್ಕು ಚಿತ್ರಕ್ಕೆ 500 ರೂಪಾಯಿ ಫೀ. ಜನವರಿ 1ರಿಂದ ಡಿಸೆಂಬರ್ 31ರೊಳಗೆ ತೆಗೆದ ಚಿತ್ರ. ಜೆಪೆಗ್, ಉದ್ದದ ಬದಿ 1920 ಪಿಕ್ಸೆಲ್. ಮೊಬೈಲ್ ಚಿತ್ರವೂ ನಡೆಯುತ್ತದೆ. ಹಕ್ಕು ಛಾಯಾಗ್ರಾಹಕರದ್ದೇ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ನಿಯಮಗಳನ್ನು ಯಾವುದೇ ಸಮಯದಲ್ಲಿ ಬದಲಿಸುವ ಹಕ್ಕು ಆಯೋಜಕರಿಗೆ ಇದೆ.' ಮುಂದಿನದಕ್ಕೆಲ್ಲ ಬಾಗಿಲು ತೆರೆದದ್ದು ಈ ಸಾಲೇ.

ಮೊದಲ ಬದಲಾವಣೆ ಕೊನೆಯ ದಿನಾಂಕದ್ದು. 'ಬಹಳ ಮಂದಿ ಕೇಳಿಕೊಂಡದ್ದರಿಂದ' ಹತ್ತು ದಿನ ಮುಂದೆ ಹೋಯಿತು. ಇದನ್ನು ಯಾರೂ ಅನ್ಯಾಯ ಅನ್ನುವುದಿಲ್ಲ, ಆದರೆ ಇದೂ ಅನ್ಯಾಯವೇ. ಹೊತ್ತಿಗೆ ಸರಿಯಾಗಿ ಕಳಿಸಿದವರ ಫಾರ್ಮ್ ಮುಚ್ಚಿಹೋಗಿತ್ತು, ಚಿತ್ರ ಬದಲಿಸಲು ಅವಕಾಶ ಇರಲಿಲ್ಲ. ತಡ ಮಾಡಿದವರಿಗೆ ಆಯ್ಕೆ ಮಾಡಲು ಹತ್ತು ದಿನ ಹೆಚ್ಚು ಸಿಕ್ಕಿತು. ದಿನಾಂಕ ಮುಂದೂಡುವುದು ತಪ್ಪಲ್ಲ. ಮೊದಲೇ ಕಳಿಸಿದವರಿಗೂ ಚಿತ್ರ ಬದಲಿಸಲು ಬಿಡಬೇಕು, ಅಷ್ಟೇ.

ಎರಡನೆಯದು ದೊಡ್ಡ ಪೆಟ್ಟು. ಎಂಟ್ರಿ ಮುಚ್ಚಿದ ಮೇಲೆ ಸ್ಪರ್ಧಿಗಳ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್: 'ಸರ, ಎಲ್ಲಾರೂ ರಾ ಫೈಲ್ ಕಳಸ್ರಿ, ಇಲ್ಲಾಂದ್ರ ಎಂಟ್ರಿ ಕ್ಯಾನ್ಸಲ್ ಆಗ್ತದ.' ಗಡುವು ಎರಡು ದಿನ.

ರಾ ಅಂದರೆ ಕ್ಯಾಮೆರಾ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಟ್ಟ ಮೂಲ ಫೈಲ್; ಜೆಪೆಗ್ ಅಂದರೆ ಕ್ಯಾಮೆರಾವೇ ಸಂಸ್ಕರಿಸಿ ಕುಗ್ಗಿಸಿದ್ದು. ರಾ ಕೇಳುವುದರಲ್ಲಿ ತಪ್ಪಿಲ್ಲ. ಸುದ್ದಿಚಿತ್ರ ಅಂದ ಮೇಲೆ ಪರಿಶೀಲನೆ ಬೇಕೇ ಬೇಕು. ಆದರೆ ಈ ಭಾಗದಲ್ಲಿ ಕೆಲಸ ಹೇಗೆ ನಡೆಯುತ್ತದೆ ನೋಡಿ. ಆಳಂದ, ಚಿಂಚೋಳಿ, ಸುರಪುರ, ಔರಾದ್ ಕಡೆಯ, ಕಾಯಂ ನೌಕರಿ ಇಲ್ಲದೆ ಪತ್ರಿಕೆಗಳಿಗೆ ಚಿತ್ರ ಕೊಡುವ ಸ್ಟ್ರಿಂಗರ್‌ಗಳು ಬಹುಪಾಲು ಜೆಪೆಗ್‌ನಲ್ಲೇ ತೆಗೆಯುತ್ತಾರೆ. ಕ್ಯಾಮೆರಾದಿಂದ ವೈಫೈನಲ್ಲಿ ಮೊಬೈಲಿಗೆ, ಮೊಬೈಲಿನಿಂದ ಪತ್ರಿಕೆಯ ಡೆಸ್ಕಿಗೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 25ರಿಂದ 30 ಎಂಬಿ, ಜೆಪೆಗ್ ಅದರ ಮೂರನೇ ಒಂದು ಪಾಲು. ಕಡಿಮೆ ಬೆಲೆಯ ಕ್ಯಾಮೆರಾಗಳಲ್ಲಿ ರಾ ಮತ್ತು ಜೆಪೆಗ್ ಎರಡನ್ನೂ ಹಾಕಿದರೆ ಒಂದೇ ಸಮ ಕೆಲವೇ ಫ್ರೇಮ್ ತೆಗೆದು ಬಫರ್ (ಚಿತ್ರ ಕಾರ್ಡಿಗೆ ಹೋಗುವ ಮೊದಲು ನಿಲ್ಲುವ ತಾತ್ಕಾಲಿಕ ಜಾಗ) ತುಂಬಿ ಕ್ಯಾಮೆರಾ ನಿಂತುಬಿಡುತ್ತದೆ. ಶರಣಬಸವೇಶ್ವರ ತೇರು ಎಳೆಯುವಾಗ, ಮೇಲೆ ಬಾಳೆಹಣ್ಣು ಉತ್ತತ್ತಿ ಹಾರುವ ಹೊತ್ತಿಗೆ ಕ್ಯಾಮೆರಾ ಹಾಗೆ ನಿಂತರೆ ಚಿತ್ರವೇ ಹೋಯಿತು. ಆದ್ದರಿಂದಲೇ ಜೆಪೆಗ್. ಈ ನಿಯಮ ಮೊದಲೇ ಗೊತ್ತಿದ್ದರೆ ಜನ ಸೆಟ್ಟಿಂಗ್ ಬದಲಿಸಿಕೊಳ್ಳುತ್ತಿದ್ದರು, ಕಾರ್ಡ್ ಫಾರ್ಮ್ಯಾಟ್ ಮಾಡದೆ ಇಟ್ಟುಕೊಳ್ಳುತ್ತಿದ್ದರು. ತೆಗೆದು ಎಂಟು ತಿಂಗಳಾದ ಚಿತ್ರಕ್ಕೆ ಈಗ ರಾ ಎಲ್ಲಿಂದ ತರುವುದು?

ಜೆಪೆಗ್‌ನಲ್ಲಿ ತೆಗೆದವರನ್ನು ಪರಿಶೀಲಿಸಲು ದಾರಿ ಇಲ್ಲ ಅನ್ನುವುದೂ ಸುಳ್ಳು. ಕ್ಯಾಮೆರಾದಿಂದ ನೇರ ಬಂದ ತಿದ್ದದ ಫೈಲ್, ಜೊತೆಗೆ ಆ ಚಿತ್ರದ ಹಿಂದಿನ ಮೂರು ಮುಂದಿನ ಮೂರು ಫ್ರೇಮ್ ಕೇಳಿದರೆ ಸಾಕು. ಒಂದೇ ಜಾಗ, ಒಂದೇ ಬೆಳಕು, ಸಾಲಾಗಿ ನಡೆದ ಫೈಲ್ ನಂಬರ್. ಇಡೀ ಸರಣಿಯನ್ನು ಸುಳ್ಳಾಗಿ ಹುಟ್ಟಿಸುವುದು ಸುಲಭವಲ್ಲ. ಇದನ್ನು ಕೇಳಲೇ ಇಲ್ಲ.

ರಾ ಇದ್ದವರ ಕಥೆಯೂ ಚೆನ್ನಾಗಿರಲಿಲ್ಲ. ಫೈಲ್ ನೋಡಿದವರಿಗೆ ನೋಡಲು ಬರುತ್ತಿರಲಿಲ್ಲ. ರಾ ತೆರೆದಾಗ ಬಣ್ಣ ಮಾಸಿದಂತೆ ಕಾಣುವುದು ಸಹಜ. ಕ್ಯಾಮೆರಾ ತಾನೇ ಮಾಡಿದ ಜೆಪೆಗ್‌ಗೂ ಅದಕ್ಕೂ ಕಾಂಟ್ರಾಸ್ಟ್ ಬೇರೆ ಇರುತ್ತದೆ. ಲೆನ್ಸಿನಿಂದಾದ ಸೊಟ್ಟು ಸರಿಪಡಿಸುವ ಲೆನ್ಸ್ ಕರೆಕ್ಷನ್ ಹಾಕಿದರೆ ಅಂಚಿನಲ್ಲಿ ಸ್ವಲ್ಪ ಭಾಗ ಕತ್ತರಿಸಿಹೋಗುತ್ತದೆ. ಇದನ್ನೇ 'ಮ್ಯಾನಿಪುಲೇಷನ್' ಅಂದರು. ಇನ್ನೊಂದು, ಧೂಳಿನ ಚುಕ್ಕೆ. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆಯಲ್ಲಿ ಲೆನ್ಸ್ ಬದಲಿಸಿದವರಿಗೆ ಇದು ಗೊತ್ತು: ಗಾಳಿಯಲ್ಲಿ ಭಂಡಾರ (ಅರಿಶಿನ ಪುಡಿ) ಹಾರುತ್ತಿರುತ್ತದೆ, ಎರಡು ಸೆಕೆಂಡ್ ಕ್ಯಾಮೆರಾ ಬಾಡಿ ತೆರೆದಿದ್ದರೆ ಸಾಕು, ಪುಡಿ ಸೆನ್ಸರ್ ಮೇಲೆ ಕೂರುತ್ತದೆ. ಲೆನ್ಸಿನ ಕಿಂಡಿ ಅಗಲವಾಗಿರುವ ಎಫ್ 2.8ರಲ್ಲಿ ಏನೂ ಕಾಣುವುದಿಲ್ಲ. ಕಿಂಡಿ ಕಿರಿದಾಗಿಸಿ ಎಫ್ 16ಕ್ಕೆ ಹೋದರೆ ಆಕಾಶದ ತುಂಬ ಬೂದು ಬಣ್ಣದ ದುಂಡು ಕಲೆ, ಪ್ರತಿ ಫ್ರೇಮಿನಲ್ಲೂ ಅದೇ ಜಾಗದಲ್ಲಿ. ಅದನ್ನು ತೆಗೆಯುವುದು ದೃಶ್ಯ ತಿದ್ದುವುದಲ್ಲ. ಅಂತರರಾಷ್ಟ್ರೀಯ ಫೋಟೋ ಪ್ರದರ್ಶನ-ಸ್ಪರ್ಧೆಗಳಾದ ಸಲೂನ್‌ಗಳಲ್ಲಿ ಚಾಲ್ತಿಯಲ್ಲಿರುವ ಫೋಟೋಜರ್ನಲಿಸಂ ವ್ಯಾಖ್ಯೆಯೂ ಧೂಳು, ಗೀರು, ಡಿಜಿಟಲ್ ನಾಯ್ಸ್ ತೆಗೆಯಲು ಬಿಡುತ್ತದೆ. ದೃಶ್ಯದಲ್ಲಿದ್ದ ವಸ್ತುವನ್ನು ಅಳಿಸುವುದು, ಸೇರಿಸುವುದು, ಜಾಗ ಬದಲಿಸುವುದಕ್ಕೆ ನಿಷೇಧ. ಈ ಸ್ಪರ್ಧೆಯ ಮೂಲ ನಿಯಮದಲ್ಲಿ ಈ ಗೆರೆಯನ್ನು ಎಳೆದಿರಲಿಲ್ಲ. ತೀರ್ಪಿನ ದಿನ ಎಳೆದರು.

ಮೂರನೆಯ ಬದಲಾವಣೆ ನೋಡಲು ಬರೀ ದಿನಾಂಕದ್ದು. ಜನವರಿಯಿಂದ ಡಿಸೆಂಬರ್ ಅಂತಿದ್ದದ್ದು 'ಜುಲೈ 1ರ ನಂತರ ತೆಗೆದವು ಮಾತ್ರ' ಅಂತಾಯಿತು. ಈ ಮೂರು ಜಿಲ್ಲೆಗಳ ವರ್ಷ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. ಸಂಕ್ರಾಂತಿಯ ಮೈಲಾಪುರ ಹೋಯಿತು. ಜನವರಿಯ ಹುಮನಾಬಾದ್ ವೀರಭದ್ರೇಶ್ವರ ಜಾತ್ರೆ ಹೋಯಿತು. ಮಾಘ ಹುಣ್ಣಿಮೆಯ ಗಾಣಗಾಪುರ, ಶರಣಬಸವೇಶ್ವರ ತೇರು, ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತ ಸಾಲು, ತೊಗರಿ ರಾಶಿಯ ಕಾಲ, ಎಲ್ಲ ಹೋದವು. ಉಳಿದದ್ದು ಭೀಮಾ ನೆರೆ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ದಸರಾ, ಆಮೇಲೆ ವೇದಿಕೆ ಕಾರ್ಯಕ್ರಮಗಳು. ಹಳ್ಳಿಯ ಸ್ಟ್ರಿಂಗರ್‌ನ ಹತ್ತಿರ ಇರುವ ಗಟ್ಟಿ ಚಿತ್ರಗಳು ಹೆಚ್ಚಾಗಿ ವರ್ಷದ ಮೊದಲ ಅರ್ಧದವು. ಜಿಲ್ಲಾ ಕೇಂದ್ರದಲ್ಲಿ ಇರುವವರಿಗೆ ಎರಡನೇ ಅರ್ಧ ಅನುಕೂಲ. ಬೇಕೆಂದೇ ಮಾಡಿದರು ಅನ್ನಲು ಆಧಾರ ಇಲ್ಲ. ಆದರೆ ಅವರು ಈ ನಿಯಮ ಬರೆಯುವಾಗ ಎಲ್ಲ ಎಂಟ್ರಿಗಳೂ ಅವರ ಮುಂದೆ ತೆರೆದಿದ್ದವು, ಯಾರ ಚಿತ್ರ ಯಾವ ತಿಂಗಳದ್ದು ಅಂತ ಅವರಿಗೆ ಕಾಣುತ್ತಿತ್ತು. ಅನುಮಾನಕ್ಕೆ ಇಷ್ಟು ಸಾಕು.

ಮಾತು ಇರುವುದೇ ಇಲ್ಲಿ. ನಿಯಮ ಕಟ್ಟುನಿಟ್ಟಾಗಿದೆಯೋ ಸಡಿಲವಾಗಿದೆಯೋ ಅನ್ನುವುದು ಬೇರೆ ವಿಷಯ. ಚಿತ್ರಗಳನ್ನು ನೋಡಿದ ಮೇಲೆ ಬರೆದ ನಿಯಮ ಯಾವುದಾದರೂ ಸರಿ, ಅದು ನಿಯಮವಲ್ಲ, ಆಯ್ಕೆ.

ತಡವಾಗಿ ಬಂದ ಬದಲಾವಣೆಯೆಲ್ಲ ಮೋಸ ಅಂತಲ್ಲ. 2023ರ ನವೆಂಬರ್‌ನಲ್ಲಿ ಸುದ್ದಿಚಿತ್ರಗಳ ಅಂತರರಾಷ್ಟ್ರೀಯ ಸ್ಪರ್ಧೆ ನಡೆಸುವ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ತನ್ನ 2024ರ ಸ್ಪರ್ಧೆಯ ಓಪನ್ ಫಾರ್ಮ್ಯಾಟ್ ವಿಭಾಗದಲ್ಲಿ ಎಐ ಹುಟ್ಟಿಸಿದ ಚಿತ್ರಗಳಿಗೆ ಅವಕಾಶ ಇದೆ ಅಂದಿತು. ಛಾಯಾಗ್ರಾಹಕರು ಸಿಟ್ಟಿಗೆದ್ದರು. ಕೆಲವೇ ದಿನದಲ್ಲಿ ಆ ಅವಕಾಶ ತೆಗೆದುಹಾಕಿ, ಕಾರಣವನ್ನೂ ಬಹಿರಂಗವಾಗಿ ಹೇಳಿತು. ಅದೂ ಘೋಷಿಸಿದ ಮೇಲೆ ಬದಲಿಸಿದ್ದೇ. ಆದರೆ ಎಂಟ್ರಿಯ ಕೊನೆ ದಿನಕ್ಕೆ ಇನ್ನೂ ಸಾಕಷ್ಟು ಸಮಯ ಇತ್ತು, ತೀರ್ಪು ಶುರುವಾಗಿರಲಿಲ್ಲ, ಎಲ್ಲರಿಗೂ ಒಂದೇ ಸಲ ತಿಳಿಯಿತು. ಕಟ್ಟುನಿಟ್ಟಿನ ವಿಷಯಕ್ಕೆ ಬಂದರೆ ಅಲ್ಲಿ 2015ರಲ್ಲಿ ಕೊನೆಯ ಹಿಂದಿನ ಸುತ್ತಿಗೆ ಬಂದ ಚಿತ್ರಗಳಲ್ಲಿ ಸುಮಾರು ಶೇಕಡಾ 20 ತಿದ್ದುವಿಕೆಯ ಕಾರಣಕ್ಕೆ ಹೊರಬಿದ್ದವು. ಅದೇ ವರ್ಷ ಬೆಲ್ಜಿಯಂನ ಶಾರ್ಲ್‌ರ್ವಾ ಊರಿನ ಬಗ್ಗೆ ಮಾಡಿದ ಸರಣಿಗೆ ಕೊಟ್ಟ ಪ್ರಶಸ್ತಿ ವಾಪಸಾಯಿತು, ಯಾಕಂದರೆ ಒಂದು ಚಿತ್ರ ಆ ಊರಿನದ್ದಾಗಿರದೆ ಬ್ರಸೆಲ್ಸ್‌ನದ್ದಾಗಿತ್ತು. ಮೂಲ ಫೈಲ್ ಕೇಳುತ್ತೇವೆ, ಕ್ಯಾಪ್ಷನ್ ನಿಜ ಇರಬೇಕು ಅನ್ನುವುದು ಅಲ್ಲಿ ಎಂಟ್ರಿ ಹಾಕುವ ಮೊದಲೇ ಎಲ್ಲರಿಗೂ ಗೊತ್ತಿದ್ದ ಮಾತು.

ನಾಲ್ಕನೆಯದನ್ನು ಫಲಿತಾಂಶದ ಜೊತೆ ಸದ್ದಿಲ್ಲದೆ ಸೇರಿಸಿದರು: ಬಂದ ಎಲ್ಲ ಚಿತ್ರಗಳನ್ನೂ ಕ್ಯಾಲೆಂಡರ್, ಹೋರ್ಡಿಂಗ್, ಪ್ರಚಾರಕ್ಕೆ ಬಳಸಲಾಗುವುದು. ಗೆದ್ದವು ಮಾತ್ರ ಅಲ್ಲ, ಎಲ್ಲ. ಇದಕ್ಕೆ ಹೆದರಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿ ಜೊತೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಗ್ರೂಪಿನಲ್ಲಿ ಹಾಕಿದ ಮೆಸೇಜಿನಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಆದರೆ ಬಳಕೆಗೆ ಅನುಮತಿ ಕೊಡುವ ಲೈಸೆನ್ಸಿಗೆ ಸಹಿ ಬೇಕೆಂದಿಲ್ಲ, ಬರಹ ಇದ್ದರೆ ಸಾಕು. ಹಾಗಾಗಿ ಆನ್‌ಲೈನ್ ಫಾರ್ಮಿನ 'ಎಲ್ಲ ಷರತ್ತಿಗೆ ಒಪ್ಪಿದ್ದೇನೆ' ಅನ್ನುವ ಟಿಕ್ಕನ್ನು ಹಗುರವಾಗಿ ತಗೋಬೇಡಿ. ಪತ್ರಿಕೆಯಲ್ಲಿ ನೌಕರಿಯಲ್ಲಿರುವವರು ಇನ್ನೊಂದು ನೋಡಿಕೊಳ್ಳಬೇಕು: ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಗಾಗಿ ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದ್ದು. ಕಳಿಸುವ ಮೊದಲು ಸಂಪಾದಕರಿಂದ ಒಂದು ಸಾಲಿನ ಮೇಲ್ ತಗೊಂಡಿರಿ.

ಈಗ, ಮುಂದಿನ ಸ್ಪರ್ಧೆಗೆ ಫೀ ಕಟ್ಟುವ ಮೊದಲು ಮಾಡಬೇಕಾದದ್ದು. 'ಯಾವುದೇ ಸಮಯದಲ್ಲಿ ಬದಲಿಸುವ ಹಕ್ಕು' ಅನ್ನುವ ಸಾಲು ಇದೆಯೇ ನೋಡಿ. 'ತೀರ್ಪುಗಾರರ ತೀರ್ಮಾನವೇ ಅಂತಿಮ' ಅನ್ನುವುದು ಬೇರೆ, ಅದು ಚಿತ್ರದ ಗುಣದ ಬಗ್ಗೆ, ಇರಬೇಕಾದದ್ದೇ. ಮೊದಲಿನ ಸಾಲು ಇದ್ದರೆ ಆಯೋಜಕರಿಗೆ ಮೇಲ್ ಹಾಕಿ ಮೂರು ವಿಷಯ ಕೇಳಿ: ಕೊನೆ ದಿನದ ನಂತರ ನಿಯಮ ಬದಲಾದರೆ ಎಂಟ್ರಿ ಹಿಂಪಡೆದು ಫೀ ವಾಪಸ್ ಪಡೆಯಬಹುದೇ? ಮೂಲ ಫೈಲ್ ಯಾವ ಹಂತದಲ್ಲಿ, ಯಾವ ರೂಪದಲ್ಲಿ ಕೇಳುತ್ತೀರಿ? ತೀರ್ಪುಗಾರರು ಯಾರು? ಮೂರಕ್ಕೂ ಬರಹದಲ್ಲಿ ಉತ್ತರ ಬರದಿದ್ದರೆ ಆ 500 ರೂಪಾಯಿಯನ್ನು ಮೆಮೊರಿ ಕಾರ್ಡಿಗೆ ಹಾಕುವುದೇ ಲೇಸು.

ಕಟ್ಟುವುದೇ ಆದರೆ, ಕಟ್ಟುವ ದಿನ ನಿಯಮದ ಪಿಡಿಎಫ್ ಇಳಿಸಿಕೊಂಡು ನಿಮ್ಮದೇ ಮೇಲ್‌ಗೆ ಕಳಿಸಿಟ್ಟುಕೊಳ್ಳಿ; ದಿನಾಂಕ ಸರ್ವರ್ ಹಾಕುತ್ತದೆ, ನೀವಲ್ಲ. ನಿಯಮ ವೆಬ್ ಪುಟದಲ್ಲಿದ್ದರೆ ಪುಟಗಳ ಹಳೆಯ ಪ್ರತಿ ಕಾಯ್ದಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ. ಗೂಗಲ್ ಫಾರ್ಮ್ ಆದರೆ ಇನ್ನೂ ಎಚ್ಚರ, ಯಾಕಂದರೆ ಆಯೋಜಕರು ಅದರ ಪಠ್ಯ ಬದಲಿಸಿದರೂ ನೋಡುವವರಿಗೆ ಗುರುತು ಸಿಗುವುದಿಲ್ಲ. ಪೂರ್ತಿ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಉತ್ತರದ ಪ್ರತಿ ಮೇಲ್‌ಗೆ ಬರುವ ಆಯ್ಕೆ ಇದ್ದರೆ ಅದನ್ನು ಒತ್ತಿ. ಯುಪಿಐ ಪಾವತಿಯ ಯುಟಿಆರ್ ನಂಬರ್ (ಪಾವತಿಯ ಗುರುತು ಸಂಖ್ಯೆ) ಬರೆದಿಟ್ಟುಕೊಳ್ಳಿ. ವಾಟ್ಸಾಪ್ ಗ್ರೂಪಿನಲ್ಲಿ 'ಡಿಸಪಿಯರಿಂಗ್ ಮೆಸೇಜ್' ಆನ್ ಇದೆಯೇ ನೋಡಿ, ಅಡ್ಮಿನ್ ಬೇರೆಯವರ ಮೆಸೇಜನ್ನೂ ಅಳಿಸಬಹುದು. ಆಗಾಗ ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಚಿತ್ರದ ಕಡೆಯಿಂದ: ಕ್ಯಾಮೆರಾದ ಗಡಿಯಾರವನ್ನು ಮೊಬೈಲ್ ಸಮಯಕ್ಕೆ ಹೊಂದಿಸಿ. ಬ್ಯಾಟರಿ ತೆಗೆದು ಬಹಳ ದಿನ ಇಟ್ಟರೆ ವರ್ಷವೇ ಹಿಂದಕ್ಕೆ ಹೋಗಿರುತ್ತದೆ, ಆಮೇಲೆ ದಿನಾಂಕದ ನಿಯಮಕ್ಕೆ ಸಿಕ್ಕಿ ನಿಜವಾದ ಚಿತ್ರವೂ ಬೀಳುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಎಕ್ಸಿಫ್ ಮಾಹಿತಿ (ಚಿತ್ರ ತೆಗೆದ ದಿನ, ಕ್ಯಾಮೆರಾ ವಿವರ) ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಮೆಟಾಡೇಟಾವನ್ನು 'ಕಾಪಿರೈಟ್ ಓನ್ಲಿ' ಅಂತ ಇಡಬೇಡಿ, ಉಳಿದ ಮಾಹಿತಿ ಹೋಗಿಬಿಡುತ್ತದೆ. ಸ್ಪರ್ಧೆಗೆ ಕಳಿಸಬಹುದು ಅನ್ನಿಸಿದ ಚಿತ್ರದ ಆಚೀಚೆಯ ಫ್ರೇಮ್‌ಗಳನ್ನು ಮಸುಕಾಗಿದ್ದರೂ ಅಳಿಸಬೇಡಿ.

ಇಷ್ಟಾದ ಮೇಲೂ ನಿಯಮ ಬದಲಾದರೆ ಗ್ರೂಪಿನಲ್ಲಿ ಜಗಳ ಬೇಡ. ಮೇಲ್‌ನಲ್ಲಿ ಎರಡೇ ಸಾಲು: 'ಎಂಟ್ರಿ ಸಲ್ಲಿಸಿದ ದಿನ ಇದ್ದ ನಿಯಮಕ್ಕೆ ಮಾತ್ರ ನನ್ನ ಒಪ್ಪಿಗೆ ಇದೆ, ಬದಲಾವಣೆಗೆ ಇಲ್ಲ. ಹಳೆಯ ನಿಯಮದಲ್ಲೇ ಪರಿಗಣಿಸಿ, ಇಲ್ಲವಾದರೆ ಎಂಟ್ರಿ ರದ್ದು ಮಾಡಿ ಫೀ ಹಿಂದಿರುಗಿಸಿ, ಚಿತ್ರಗಳನ್ನು ಅಳಿಸಿ.' ಕರಾರನ್ನು ಬದಲಿಸಲು ಎರಡೂ ಕಡೆಯವರು ಒಪ್ಪಬೇಕು ಅನ್ನುವುದು 1872ರ ಕರಾರು ಕಾಯ್ದೆಯ 62ನೇ ಕಲಮಿನಲ್ಲೇ ಇದೆ. ಸುಮ್ಮನಿದ್ದರೆ ಮುಂದೆ ಅದನ್ನೇ ಒಪ್ಪಿಗೆ ಅಂತ ಅವರು ವಾದಿಸಬಹುದು. ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: ಆಯೋಜಕರು ಬೆಂಗಳೂರಿನವರಾದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾಲಮಿತಿ ಎರಡು ವರ್ಷ, ಕಟ್ಟಿದ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಫೀ ಕಟ್ಟಿದ್ದರೆ ಅಲ್ಲಿ ವಾದಕ್ಕೆ ನೆಲೆ ಇದೆ. ಉಚಿತ ಸ್ಪರ್ಧೆಯಾದರೆ ಕಷ್ಟ. ನಿಮ್ಮ ಚಿತ್ರ ಅನುಮತಿ ಇಲ್ಲದೆ ಹೋರ್ಡಿಂಗ್ ಮೇಲೆ ಬಂದರೆ ಮಾತ್ರ ಲೆಕ್ಕ 500 ರೂಪಾಯಿಯದ್ದಲ್ಲ. ಅದರ ಮುಂದೆ ನಿಂತು ಅಕ್ಕಪಕ್ಕದ ಅಂಗಡಿ ಬೋರ್ಡು, ಮುದ್ರಕರ ಹೆಸರು ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಂಡು, ಆಮೇಲೆ ವಕೀಲರ ಹತ್ತಿರ ಹೋಗಿ.