ಪೋಲೊ ಜಿಟಿ ಟಿಎಸ್‌ಐ 1.2: ಏಳು ಗೇರಿನ ಡಿಎಸ್‌ಜಿ, ದೀರ್ಘ ಬಳಕೆಯ ನಂತರ

ಹೆದ್ದಾರಿಯಲ್ಲಿ ಈ ಗೇರ್‌ಬಾಕ್ಸಿಗೆ ಐದಕ್ಕೆ ಐದು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೂರು, ಅದೂ ಓಡಿಸುವವರಿಗೆ ಒಳಗೆ ಏನು ನಡೆಯುತ್ತಿದೆ ಎಂಬುದು ಗೊತ್ತಿದ್ದರೆ.

ಡಿಎಸ್‌ಜಿ ಎಂದರೆ ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಇದರ ಮಾದರಿ ಹೆಸರು ಡಿಕ್ಯು200. 250 ನ್ಯೂಟನ್ ಮೀಟರ್ ಟಾರ್ಕ್ ತಡೆಯುತ್ತದೆ, ಎಂಜಿನ್ ಕೊಡುವುದು 175. ಹಾಗಾಗಿ ಇದು ಸೋಲುವುದು ಎಂಜಿನ್ನಿನ ಬಲಕ್ಕಲ್ಲ, ಬಿಸಿಗೆ. ಒಂದು ಕ್ಲಚ್ 1, 3, 5, 7ನೇ ಗೇರಿಗೆ, ಇನ್ನೊಂದು 2, 4, 6 ಮತ್ತು ರಿವರ್ಸಿಗೆ. ಮೂರರಲ್ಲಿ ಓಡುವಾಗಲೇ ನಾಲ್ಕು ಬಿದ್ದಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ, ಎಳೆತ ಕಡಿಯುವುದೇ ಇಲ್ಲ. ಆದರೆ ಎರಡೂ ಒಣ ಕ್ಲಚ್‌ಗಳು. ತಂಪಾಗಲು ಗಾಳಿಯೇ ಗತಿ.

ಡಿ ಮೋಡಿನಲ್ಲಿ ಬ್ರೇಕನ್ನು ಅರ್ಧ ಒತ್ತಿ ತೆವಳಿಸುವುದೆಂದರೆ ಮ್ಯಾನುಯಲ್ ಗಾಡಿಯನ್ನು ಹಾಫ್ ಕ್ಲಚ್‌ನಲ್ಲಿ ಓಡಿಸಿದಂತೆಯೇ. ಬ್ರೇಕ್ ಗಟ್ಟಿಯಾಗಿ ಒತ್ತಿದರೆ ಕ್ಲಚ್ ಬಿಡುತ್ತದೆ. ಮುಂದೆ ಒಂದೆರಡು ಕಾರಿನಷ್ಟು ಜಾಗವಾಗುವವರೆಗೆ ಕಾದು, ಒಂದೇ ಸಲ ಸಾಗಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡು ನಿಲ್ಲಬೇಡಿ. ಬೇಸ್‌ಮೆಂಟ್ ಇಳಿಜಾರಿನಲ್ಲಿ ರಿವರ್ಸ್ ಹಾಕಿ ಇಂಚಿಂಚು ಹತ್ತಿಸುವುದು ಕ್ಲಚ್ಚಿಗೆ ದೊಡ್ಡ ಶಿಕ್ಷೆ.

ಹಂಪ್ ದಾಟಿ ಹೊರಡುವಾಗ ಗಾಡಿ ಗಡಗಡ ನಡುಗಿದರೆ ಕ್ಲಚ್ ಸೆಟ್ ಬದಲಿಸಲು ತಕ್ಷಣ ಒಪ್ಪಬೇಡಿ. ಮೊದಲು ಬ್ಯಾಟರಿ ನೋಡಿಸಿ. ವೋಲ್ಟೇಜ್ ಇಳಿದರೂ ಈ ಪೆಟ್ಟಿಗೆ ಸುಳ್ಳು ದೋಷ ತೋರಿಸುತ್ತದೆ. ಆಮೇಲೆ ಸ್ಕ್ಯಾನರ್ ಹಾಕಿ ಬೇಸಿಕ್ ಸೆಟ್ಟಿಂಗ್ (ಕ್ಲಚ್ ಹಿಡಿಯುವ ಜಾಗವನ್ನು ಗೇರ್‌ಬಾಕ್ಸಿಗೆ ಮತ್ತೆ ಕಲಿಸುವುದು) ಮಾಡಿಸಿ: ಸಮತಟ್ಟು ನೆಲ, ಗೇರ್‌ಬಾಕ್ಸ್ ಬಿಸಿ, ಎಂಜಿನ್ ಐಡಲ್, ಲಿವರ್ ಪಿಯಲ್ಲಿ, ಕಾಲು ಬ್ರೇಕಿನ ಮೇಲೆ. ಆಗಲೂ ನಡುಕ ಹೋಗದಿದ್ದರೆ ಮಾತ್ರ ಕ್ಲಚ್. ಹೊಸ ಸೆಟ್ ಕೂರಿಸುವಾಗ ಗೇಜಿನಲ್ಲಿ ಅಳೆದು ಸರಿಯಾದ ಶಿಮ್ (ಅಂತರ ಸರಿಹೊಂದಿಸುವ ತೆಳು ಬಿಲ್ಲೆ) ಆರಿಸಬೇಕು. ಆ ಸ್ಪೆಷಲ್ ಟೂಲ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಲೇಬೇಡಿ.

ಆಯಿಲ್ ವಿಷಯದಲ್ಲಿ ಗೊಂದಲ ಹೆಚ್ಚು. 60,000 ಕಿ.ಮೀ.ಗೊಮ್ಮೆ ಆಯಿಲ್, ಫಿಲ್ಟರ್ ಬದಲಿಸಬೇಕಾದ್ದು ಆಯಿಲ್‌ನಲ್ಲಿ ಮುಳುಗಿರುವ ವೆಟ್ ಕ್ಲಚ್‌ನ, ಆರು ಗೇರಿನ ಇನ್ನೊಂದು ಡಿಎಸ್‌ಜಿ ಡಿಕ್ಯು250ಕ್ಕೆ. ಡಿಕ್ಯು200ರಲ್ಲಿ ಗೇರುಗಳಿಗೆ ಸುಮಾರು 1.7 ಲೀಟರ್, ಮೆಕಾಟ್ರಾನಿಕ್‌ಗೆ (ಕ್ಲಚ್, ಗೇರುಗಳನ್ನು ಆಯಿಲ್ ಒತ್ತಡದಿಂದ ನಡೆಸುವ ನಿಯಂತ್ರಣ ಘಟಕ) ಬೇರೆಯೇ ಆಯಿಲ್ ಸುಮಾರು 1 ಲೀಟರ್. ಎರಡಕ್ಕೂ ಬದಲಿಸುವ ಅವಧಿಯಿಲ್ಲ. 2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯೇ ಗಾಡಿಗಳನ್ನು ವಾಪಸ್ ಕರೆದು ಗೇರುಗಳ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿತ್ತು. ಹಳೆಯ ಗಾಡಿ ಕೊಳ್ಳುವವರು ಆ ದಾಖಲೆ ಕೇಳಿ.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎರಡು ಮೂರು ಸೆಕೆಂಡ್ ಗುಂಯ್ ಎನ್ನುವುದು ಮೆಕಾಟ್ರಾನಿಕ್ ಪಂಪ್, ಗಾಬರಿ ಬೇಡ. ಅದು ಬಿಟ್ಟೂಬಿಟ್ಟೂ ಗುಂಯ್‌ಗುಡುತ್ತಲೇ ಇದ್ದರೆ ಒತ್ತಡ ಸೋರುತ್ತಿದೆ ಎಂದರ್ಥ. ಅಕ್ಯುಮುಲೇಟರ್ (ಆಯಿಲ್ ಒತ್ತಡ ಕೂಡಿಡುವ ಡಬ್ಬಿ) ಕೂರುವ ಅಲ್ಯೂಮಿನಿಯಂ ಹೌಸಿಂಗ್ ಬಿರುಕು ಬಿಡುವುದು ಈ ಪೆಟ್ಟಿಗೆಯ ಹೆಸರಾಂತ ದೋಷ. ಸ್ಕ್ಯಾನರಿನಲ್ಲಿ ಪಿ17ಬಿಎಫ್ ಎಂಬ ದೋಷದ ಕೋಡ್ ಬಂದರೆ ಗಾಡಿ ಓಡಿಸದೆ ಫ್ಲಾಟ್‌ಬೆಡ್ ಕರೆಸಿ. ಇಡೀ ಮೆಕಾಟ್ರಾನಿಕ್ ಬದಲಿಸಬೇಕೆಂದು ಗ್ಯಾರೇಜಿನವರು ಹೇಳಿದರೆ, ಹೌಸಿಂಗ್ ರಿಪೇರಿ ಕಿಟ್ ಸಿಗುತ್ತದೆಯೇ ಎಂದು ಮೊದಲು ಕೇಳಿ.