ಉಪ್ಪಿನಕಾಯಿಗಿಂತ ಕೊರಿಯರ್ ಖರ್ಚೇ ಖಾರ: ಬಾಡಿಗೆಯ ಆನ್‌ಲೈನ್ ಅಂಗಡಿಯೊಂದರ ಮೂರು ವರ್ಷದ ಬಳಕೆ

ನಾನು ಬಳಸುವ ಈ ಆನ್‌ಲೈನ್ ಅಂಗಡಿಯ ಸೇವೆಯನ್ನು ತೆಗೆದುಕೊಳ್ಳಬಹುದೇ ಎಂದು ಸಿರಸಿಯ ಸುತ್ತಮುತ್ತಲಿನ ಪರಿಚಯದವರು ಆಗಾಗ ಕೇಳುತ್ತಾರೆ. ತೆಗೆದುಕೊಳ್ಳಿ, ಆದರೆ ಕೊರಿಯರ್ ಖರ್ಚನ್ನು ಅದು ಗಿರಾಕಿಗೆ ಯಾವ ಹಂತದಲ್ಲಿ ತೋರಿಸುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ ಎನ್ನುತ್ತೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ತಿಂಗಳ ಬಾಡಿಗೆಗೆ ಸಿದ್ಧ ಅಂಗಡಿ ಕೊಡುವವರಲ್ಲಿ ಹಲವರದು ಇದೇ ಜಾಯಮಾನ.

ನಾವು ಮಾರುವುದು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮತ್ತು ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ. ಅತ್ತೆಯವರ ಮತ್ತು ಓರಗಿತ್ತಿಯ ಕೈ, ನನ್ನ ಫೋನು. ಮೊದಲು ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲೇ ನಡೆಯುತ್ತಿತ್ತು. ‘ಅಕ್ಕಾ, ಬಾಟಲಿಗೆ ಎಷ್ಟು?’ ಎಂದು ಕೇಳುವವರಿಗೆಲ್ಲ ಉತ್ತರ ಬರೆದು, ಖಾತೆಯ ವಿವರ ಕಳಿಸಿ, ಹಣ ಬಂತೇ ಎಂದು ನೋಡಿ, ವಿಳಾಸ ಕೇಳುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು. ಅಂಗಡಿ ಶುರುವಾದ ಮೇಲೆ ಆ ತಾಪತ್ರಯ ತಪ್ಪಿತು. ಬಾಡಿಗೆಯೂ ಕೈಗೆಟಕುವಂಥದ್ದು, ಸಿರಸಿ ಪೇಟೆಯಲ್ಲಿ ಒಂದು ಗೂಡಂಗಡಿಗೆ ಕೊಡಬೇಕಾದುದಕ್ಕಿಂತ ಎಷ್ಟೋ ಕಡಿಮೆ. ಯಾವ ಪ್ಲ್ಯಾನಿನಲ್ಲಿ ಏನೇನಿದೆ ಎಂಬ ಪಟ್ಟಿ ಅವರ ಪುಟದಲ್ಲೇ ಇದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಬೆಳಗಿನ ತಿಂಡಿ ಮುಗಿದ ಮೇಲೆ ಒಂದು ಲೋಟ ಕಷಾಯ ಹಿಡಿದು ಜಗುಲಿಯ ತುದಿಗೆ ಹೋಗಿ ಕೂರುವುದು ನನ್ನ ರೂಢಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಅಲ್ಲಿ, ಕಂಬದ ಪಕ್ಕದಲ್ಲಿ ಮಾತ್ರ. ಮೊದಲು ಬಂದ ಆರ್ಡರ್‌ಗಳನ್ನು ನೋಡುತ್ತೇನೆ, ಆಮೇಲೆ ಬಿಟ್ಟುಹೋದ ಕಾರ್ಟ್‌ಗಳ, ಅಂದರೆ ಸಾಮಾನು ಬುಟ್ಟಿಗೆ ಹಾಕಿ ಕೊಳ್ಳದೆ ಹೋದವರ, ಪಟ್ಟಿ ತೆರೆಯುತ್ತೇನೆ. ಈ ಸೇವೆಯಲ್ಲಿ ನಾನು ಅತಿ ಹೆಚ್ಚು ಓದಿರುವ ಪುಟ ಇದೇ. ಯಾರು, ಯಾವ ಊರಿನಿಂದ, ಎಷ್ಟು ಹೊತ್ತಿಗೆ, ಏನೇನು ಆರಿಸಿ, ಯಾವ ಹಂತದಲ್ಲಿ ಎದ್ದುಹೋದರು ಎಂಬುದೆಲ್ಲ ಅಲ್ಲಿ ಸಾಲಾಗಿ ಬರುತ್ತದೆ. ರಾತ್ರಿ ಹನ್ನೊಂದೂವರೆಗೆ ಬೆಂಗಳೂರಿನ ಒಬ್ಬರು ಒಂದು ಬಾಟಲಿ ಮಿಡಿ, ಒಂದು ಕಟ್ಟು ಹಪ್ಪಳ ಹಾಕಿಕೊಂಡಿದ್ದಾರೆ. ಹೆಸರು ಬರೆದಿದ್ದಾರೆ, ವಿಳಾಸ ಬರೆದಿದ್ದಾರೆ, ಪಿನ್ ಕೋಡ್ ಒತ್ತಿದ್ದಾರೆ. ಅಲ್ಲಿಗೆ ನಿಂತಿದೆ. ಅದರ ಕೆಳಗೆ ಹುಬ್ಬಳ್ಳಿಯವರು, ಅದರ ಕೆಳಗೆ ಪುಣೆಯವರು. ಅವರೂ ಪಿನ್ ಕೋಡ್ ಒತ್ತಿದ ಮೇಲೆಯೇ ಹೋಗಿದ್ದಾರೆ.

ನಾನು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಳ್ಳುತ್ತಿದ್ದ ಅತ್ತೆಯವರು ಅಡಿಕೆ ಕತ್ತರಿಸುತ್ತಲೇ ಅಂದರು: ‘ಅಷ್ಟು ದೂರ ಬಂದವರು ಹಣ ಕೊಡುವ ಹೊತ್ತಿಗೆ ಎದ್ದುಹೋಗುತ್ತಾರೆ ಅಂದರೆ, ಅಲ್ಲಿ ಏನೋ ಕಂಡಿರಬೇಕು.’

ಕಂಡದ್ದು ಕೊರಿಯರ್ ಖರ್ಚು. ನಾನು ತೆಗೆದುಕೊಂಡ ಪ್ಲ್ಯಾನಿನಲ್ಲಿ ವಸ್ತುವಿನ ಪುಟದಲ್ಲಿ ಅದರ ಬೆಲೆ ಮಾತ್ರ ಕಾಣುತ್ತದೆ. ಕಳಿಸುವ ಖರ್ಚು ಹೊರಬರುವುದು ಪಿನ್ ಕೋಡ್ ಒತ್ತಿದ ಮೇಲೆ, ಹಣ ಪಾವತಿಯ ಹೊಸ್ತಿಲಲ್ಲಿ. 180 ರೂಪಾಯಿಯ ಬಾಟಲಿ ಎಂದುಕೊಂಡು ಬಂದವರ ಮುಂದೆ ಆ ಹೊತ್ತಿಗೆ 290 ಎಂದು ಮೂಡಿದರೆ ಯಾರಾದರೂ ಫೋನು ಕೆಳಗಿಡುತ್ತಾರೆ. ಮೊದಲ ವರ್ಷ ಬಿಟ್ಟುಹೋದ ಕೆಲವರಿಗೆ ಫೋನ್ ಮಾಡಿ ವಿಚಾರಿಸಿದ್ದೆ. ಮೈಸೂರಿನ ಹಿರಿಯರೊಬ್ಬರು ಮುಚ್ಚುಮರೆಯಿಲ್ಲದೆ ಹೇಳಿದರು: ‘ದುಡ್ಡು ಹೆಚ್ಚೆಂದು ಬಿಡಲಿಲ್ಲ ತಾಯಿ, ಮೊದಲೇ ಹೇಳಲಿಲ್ಲವಲ್ಲ ಎಂದು ಬಿಟ್ಟೆ.’ ಆಮೇಲೆ ಫೋನ್ ಮಾಡುವುದನ್ನು ನಿಲ್ಲಿಸಿದೆ. ಬಿಟ್ಟುಹೋದವರನ್ನು ಹಿಂಬಾಲಿಸಿ ಕೇಳುವುದು ನಮ್ಮ ಮನೆಯ ರೀತಿಯಲ್ಲ, ಕಾರಣವೂ ಗೊತ್ತಾಗಿತ್ತು.

ಇದು ನಮ್ಮೊಬ್ಬರ ಪಾಡೂ ಅಲ್ಲ. ಆನ್‌ಲೈನ್ ಖರೀದಿಯ ಅಭ್ಯಾಸಗಳನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿರುವ ಡೆನ್ಮಾರ್ಕ್‌ನ ಬೇಮಾರ್ಡ್ ಸಂಸ್ಥೆಯ ಲೆಕ್ಕದಲ್ಲಿ ಕಾರ್ಟ್‌ಗೆ ಹಾಕಿದವರಲ್ಲಿ ಸರಾಸರಿ ಶೇ. 70ರಷ್ಟು ಮಂದಿ ಕೊಳ್ಳದೆ ಹೋಗುತ್ತಾರೆ. ಸುಮ್ಮನೆ ನೋಡಲು ಬಂದವರನ್ನು ಬಿಟ್ಟರೆ, ಉಳಿದವರು ಹೇಳುವ ಕಾರಣಗಳಲ್ಲಿ ಕೊನೆಗೆ ಸೇರಿಕೊಳ್ಳುವ ಖರ್ಚೇ ಮೊದಲನೆಯದು. ಅಂಗಡಿ ಕಟ್ಟಿಕೊಡುವ ಕಂಪನಿಗೆ ಇದು ಗೊತ್ತಿಲ್ಲದೇ ಇರುತ್ತದೆಯೇ?

ಸಹಾಯವಾಣಿಗೆ ಬರೆದೆ. ಪಿನ್ ಕೋಡ್ ಹಾಕಿದರೆ ವಸ್ತುವಿನ ಪುಟದಲ್ಲೇ ಖರ್ಚು ತೋರಿಸುವ ಸೌಲಭ್ಯ ಇದೆಯಂತೆ, ಮೇಲಿನ ಪ್ಲ್ಯಾನಿನಲ್ಲಿ. ಅದರ ಬಾಡಿಗೆ ನಮ್ಮದರ ಎರಡರಷ್ಟಕ್ಕಿಂತ ಹೆಚ್ಚು. ಇಲ್ಲಿಂದ ಮುಂದೆ ನನಗೆ ಈ ಸೇವೆಯ ಮೇಲೆ ಇದ್ದ ಮಮತೆ ಹುಳಿಯಾಯಿತು. ಏಕೆಂದರೆ ನಮ್ಮ ಅಗ್ಗದ ಪ್ಲ್ಯಾನಿನಲ್ಲಿ ಪುಕ್ಕಟೆಯಾಗಿ ಏನೇನು ಕೊಟ್ಟಿದ್ದಾರೆ ನೋಡಿ: ತಿರುಗುವ ಚಕ್ರ, ಅದನ್ನು ತಿರುಗಿಸಿದರೆ ರಿಯಾಯಿತಿ. ಪುಟ ತೆರೆದ ಕೂಡಲೇ ಓಡತೊಡಗುವ ಗಡಿಯಾರ. ‘ಈಗ 14 ಜನ ಇದನ್ನು ನೋಡುತ್ತಿದ್ದಾರೆ’ ಎಂಬ ಪಟ್ಟಿ. ನಡುರಾತ್ರಿ ನಾನೊಬ್ಬಳೇ ನನ್ನ ಅಂಗಡಿಯನ್ನು ತೆರೆದು ನೋಡಿದಾಗಲೂ ಅದು ಹದಿನಾಲ್ಕು ಜನರನ್ನು ತೋರಿಸಿತು.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಆತುರ ಹುಟ್ಟಿಸುವುದು, ಕೇಳದೆ ಕಾರ್ಟ್‌ಗೆ ಇನ್ನೊಂದು ವಸ್ತು ಸೇರಿಸುವುದು, ಬೆಲೆಯ ಒಂದು ಭಾಗವನ್ನು ಕೊನೆಯ ತನಕ ಬಚ್ಚಿಡುವುದು ಎಲ್ಲವೂ ಅದರಲ್ಲಿವೆ. ನಿಯಮ ಮುರಿಯುವ ಸಾಮಾನನ್ನು ಉಡುಗೊರೆಯಾಗಿ ಕೊಟ್ಟು, ನಿಯಮ ಪಾಲಿಸುವುದಕ್ಕೆ ಬಾಡಿಗೆ ಕೇಳುವ ವ್ಯಾಪಾರ ಇದು. ಚಕ್ರ, ಗಡಿಯಾರ, ಹದಿನಾಲ್ಕು ಜನ ಎಲ್ಲವನ್ನೂ ಬಂದ್ ಮಾಡಿಬಿಟ್ಟೆ. ಅಪ್ಪೆಮಿಡಿಗೆ ಸುಳ್ಳು ಕೊರತೆ ಏಕೆ ಬೇಕು? ಹೊಳೆದಂಡೆಯ ಮರದಲ್ಲಿ ಒಂದು ವರ್ಷ ಬಂದ ಮಿಡಿ ಮರುವರ್ಷ ಬರುತ್ತದೆಂಬ ಖಾತ್ರಿಯೇ ಇಲ್ಲ. ಮುಗಿದಾಗ ‘ಈ ವರ್ಷದ ಮಿಡಿ ಮುಗಿಯಿತು, ಹೊಸದು ಉಪ್ಪಿನಲ್ಲಿ ಚಿರುಟಿದ ಮೇಲೆ ತಿಳಿಸುತ್ತೇವೆ’ ಎಂದು ಬರೆಯುತ್ತೇನೆ. ಅದನ್ನು ಓದಿ ನಂಬರ್ ಬಿಟ್ಟುಹೋದವರು ಮುಂದಿನ ಹಂಗಾಮಿನಲ್ಲಿ ಮೊದಲು ಕೊಳ್ಳುವವರು.

ಮೇಲಿನ ಪ್ಲ್ಯಾನ್ ತೆಗೆದುಕೊಳ್ಳಲಿಲ್ಲ. ನಮ್ಮ ವಹಿವಾಟಿಗೆ ಅದು ಹೊರೆ. ಬದಲಿಗೆ ಕಳಿಸುವ ಖರ್ಚನ್ನೇ ಇಳಿಸಲು ಹೊರಟೆ, ಅದಕ್ಕೆ ಟೇಪು ಹಿಡಿದು ಪೆಟ್ಟಿಗೆ ಅಳೆಯಬೇಕಾಯಿತು. ಕೊರಿಯರ್‌ನವರು ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಹಾಕುತ್ತಾರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5,000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋದಲ್ಲಿ ಸಿಗುತ್ತದೆ. ನಮ್ಮ ಕೊರಿಯರ್‌ನ ಲೆಕ್ಕ ಇದು. ಪೇಟೆಯಲ್ಲಿ ಸಿಗುವ ರಟ್ಟಿನ ಪೆಟ್ಟಿಗೆ 30, 25, 20 ಸೆಂಟಿಮೀಟರಿನದು. ಒಳಗಿರುವ ಹಪ್ಪಳದ ಕಟ್ಟು ಅರ್ಧ ಕಿಲೋ ಚಿಲ್ಲರೆ ತೂಗಿದರೂ ಬಿಲ್ಲು ಬೀಳುವುದು 3 ಕಿಲೋಗೆ. ಹಪ್ಪಳದ ಅಗಲಕ್ಕೆ ಸರಿಯಾಗಿ ಉದ್ದ, ಅಗಲ, ಎತ್ತರ ಮೂರೂ 18 ಸೆಂಟಿಮೀಟರಿನ ಪೆಟ್ಟಿಗೆ ಮಾಡಿಸಿದೆವು. ಲೆಕ್ಕ ಒಂದೂಕಾಲು ಕಿಲೋದ ಒಳಗೆ ಬಂತು, ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಲುಗಾಡಲು ಜಾಗವಿಲ್ಲದ್ದರಿಂದ ಹಪ್ಪಳ ಒಡೆಯುವುದೂ ಕಡಿಮೆಯಾಯಿತು. ಇಷ್ಟೆಲ್ಲ ಲೆಕ್ಕ ಕಾಗದದ ಮೇಲೆ ಹಾಕಿದ್ದು. ಈ ಸೇವೆಯಲ್ಲಿ ವಸ್ತುವಿನ ತೂಕ ಬರೆಯಲು ಜಾಗವಿದೆ, ಉದ್ದಗಲ ಬರೆಯಲು ಇಲ್ಲ.

ಆಮೇಲೆ ಪಿನ್ ಕೋಡಿನ ಗೊಡವೆಯನ್ನೇ ಬಿಟ್ಟು ಮೂರು ದರ ಇಟ್ಟೆ. ಕರ್ನಾಟಕಕ್ಕೆ ಒಂದು, ಅಕ್ಕಪಕ್ಕದ ರಾಜ್ಯಗಳಿಗೆ ಒಂದು, ಉಳಿದ ಕಡೆಗೆ ಒಂದು. ಬೀದರಿಗೆ ಕಳಿಸುವಾಗ ಸ್ವಲ್ಪ ಕೈಯಿಂದ ಹೋಗುತ್ತದೆ, ಹುಬ್ಬಳ್ಳಿಗೆ ಕಳಿಸುವಾಗ ಸ್ವಲ್ಪ ಉಳಿಯುತ್ತದೆ. ಪ್ರತಿ ವಸ್ತುವಿನ ವಿವರಣೆಯ ಮೊದಲ ಸಾಲಿನಲ್ಲೇ, ಮಿಡಿಯ ಗುಣಗಾನಕ್ಕೂ ಮುಂಚೆ, ಈ ಮೂರು ದರ ಬರೆದುಬಿಟ್ಟೆ. ನೋಡಲು ಚೆಂದವಿಲ್ಲ. ಆದರೆ ಬೆಳಗಿನ ಪಟ್ಟಿ ಗಿಡ್ಡವಾಗುತ್ತ ಬಂತು. ದರ ಒಪ್ಪದವರು ಮೊದಲ ಪುಟದಿಂದಲೇ ಹೊರಟುಹೋಗುತ್ತಾರೆ, ಕಾರ್ಟ್ ತನಕ ಬಂದವರು ಬಹುತೇಕ ಕೊಂಡೇ ಹೋಗುತ್ತಾರೆ.

ಈ ಸೇವೆಯ ಮೇಲೆ ಮತ್ತೆ ಸ್ವಲ್ಪ ಪ್ರೀತಿ ಹುಟ್ಟಿದ್ದು ಒಂದು ಸಣ್ಣ ಚೌಕದಿಂದ. ಕಾರ್ಟ್‌ನ ಕೆಳಗೆ ಅಂಗಡಿಯವರು ತಮಗೆ ಬೇಕಾದ್ದನ್ನು ಬರೆಯಲು ಎರಡು ಸಾಲಿನ ಜಾಗ ಇದೆ. ಜಾಹೀರಾತಿನಲ್ಲಿ ಅದರ ಸುದ್ದಿಯೇ ಇಲ್ಲ. ಕಾಲು ಕಿಲೋ ಉಪ್ಪಿನಕಾಯಿ, ಗಾಜಿನ ಬಾಟಲಿ, ಸುತ್ತಿದ ಕಾಗದ, ಪೆಟ್ಟಿಗೆ ಎಲ್ಲ ಸೇರಿ 550 ಗ್ರಾಂ ಆಗುತ್ತದೆ. ಅರ್ಧ ಕಿಲೋ ದಾಟಿತೆಂದರೆ ಕೊರಿಯರ್‌ನವರ ಲೆಕ್ಕದಲ್ಲಿ ಅದು ಪೂರ್ತಿ ಒಂದು ಕಿಲೋ. ಅಂದರೆ ಗಿರಾಕಿ ಹಣ ಕೊಟ್ಟ ತೂಕದಲ್ಲಿ 450 ಗ್ರಾಂ ಖಾಲಿ ಹೋಗುತ್ತದೆ. ಆ ಚೌಕದಲ್ಲಿ ಹೀಗೆ ಬರೆದೆ: ‘ಒಂದು ಬಾಟಲಿಗೆ ನೀವು ಕೊಡುವ ಕೊರಿಯರ್ ಖರ್ಚಿನಲ್ಲೇ ಕಾಲು ಕಿಲೋ ಮುರುಗಲು ಸಿಪ್ಪೆಯೂ ಬರುತ್ತದೆ. ಅದಕ್ಕೆ ಬೇರೆ ಖರ್ಚಿಲ್ಲ.’ ಒತ್ತಾಯವಿಲ್ಲ, ರಿಯಾಯಿತಿಯಿಲ್ಲ, ಇದ್ದ ಲೆಕ್ಕವನ್ನು ಹೇಳಿದ್ದಷ್ಟೇ. ಮೂಲೆ ಹಿಡಿದಿದ್ದ ಮುರುಗಲು ಸಿಪ್ಪೆ ಆ ಬೇಸಿಗೆಯಲ್ಲಿ ಮಳೆಗೂ ಮುಂಚೆ ಖಾಲಿಯಾಯಿತು. ಓರಗಿತ್ತಿ ಈಗ ನನಗಿಂತ ಮೊದಲು ಕೇಳುವುದು ‘ಇವತ್ತು ಎಷ್ಟು ಜನ ಸಿಪ್ಪೆ ಸೇರಿಸಿದರು?’ ಎಂದು.

ಉಳಿದ ವಿಷಯಗಳು. ಪುಟದ ನೆತ್ತಿಯ ಮೇಲೆ ಜಾರುವ ದೊಡ್ಡ ಚಿತ್ರಗಳನ್ನು ತೆಗೆದುಹಾಕಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಮೂಡಬೇಕೆಂಬುದು ಗೂಗಲ್‌ನ ಅಳತೆ, ಆ ಚಿತ್ರಗಳಿದ್ದರೆ ನಮ್ಮ ಕಡೆಯ ನೆಟ್‌ವರ್ಕ್‌ನಲ್ಲಿ ಅದರ ಮಾತೇ ಬೇಡ. ಬಾಟಲಿಯ ಗಾತ್ರ ಗೊತ್ತಾಗಲೆಂದು ಪಕ್ಕದಲ್ಲಿ ಸ್ಟೀಲ್ ಲೋಟ ಇಟ್ಟು ತೆಗೆದ ಒಂದೇ ಫೋಟೋ ಸಾಕಾಯಿತು. ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆಯನ್ನು ಬಾಟಲಿಯ ಮೇಲೆ ಮಾತ್ರವಲ್ಲದೆ ಪುಟದಲ್ಲೂ ಹಾಕಿದ ಮೇಲೆ ‘ನಿಮ್ಮದು ನಿಜವಾದ ಅಂಗಡಿಯೇ?’ ಎಂಬ ಫೋನುಗಳು ನಿಂತವು. ಕ್ಯಾಶ್ ಆನ್ ಡೆಲಿವರಿ ಇಟ್ಟರೆ ಆರ್ಡರ್ ಹೆಚ್ಚುತ್ತದೆ, ನಿಜ. ಹೋಗಿ ವಾಪಸ್ ಬರುವ ಬಾಟಲಿಗಳೂ ಹೆಚ್ಚುತ್ತವೆ, ಎರಡು ಕಡೆಯ ಖರ್ಚೂ ನಮ್ಮ ತಲೆಗೆ. ಯುಪಿಐ ಇರುವಾಗ ಅದನ್ನು ತೆಗೆದಿದ್ದೇನೆ. ಹೊಸಬರನ್ನು ಹುಡುಕುತ್ತಿರುವ ಅಂಗಡಿಯವರಿಗೆ ಈ ಮಾತು ಹೊಂದದೇ ಇರಬಹುದು.

ಇನ್ನೂ ಸರಿಯಾಗದ ಎರಡು ತಕರಾರುಗಳಿವೆ. ಅಂಗಡಿಯ ಪುಟದಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ, ಬಿಲ್ಲಿನಲ್ಲಿ ಮಾತ್ರ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ‘ಉಪ್‌ಪಿನಕಾಯಿ’, ‘ಹಪ್‌ಪಳ’ ಎಂದು ಅಚ್ಚಾಗುತ್ತದೆ. ಪ್ರತಿ ಸಲ ದೂರು ಕೊಟ್ಟಾಗಲೂ ‘ನಮ್ಮ ತಂಡಕ್ಕೆ ತಿಳಿಸಿದ್ದೇವೆ’ ಎಂಬ ಅದೇ ಉತ್ತರ. ಎರಡನೆಯದು, ‘3 ದಿನಗಳಲ್ಲಿ ತಲುಪುತ್ತದೆ’ ಎಂದು ತಾನಾಗಿ ಮೂಡುವ ಸಾಲು. ಅದನ್ನು ಅಳಿಸಲು ಬರುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಗಿದ್ದಾಗ, ಕಾರವಾರಕ್ಕೆ ಪಾರ್ಸೆಲ್ ಯಾವಾಗ ಹೋಗುತ್ತದೆಂದು ನಾವೇ ಹೇಳಲಾರದೆ ಕೂತಿದ್ದಾಗ, ನಮ್ಮ ಅಂಗಡಿ ಮಾತ್ರ ನಿಶ್ಚಿಂತೆಯಿಂದ ಮೂರು ದಿನ ಎನ್ನುತ್ತಿತ್ತು. ಮಳೆಗಾಲದಲ್ಲಿ ಕಾರ್ಟ್ ಕೆಳಗಿನ ಚೌಕದಿಂದ ಮುರುಗಲಿನ ಮಾತು ತೆಗೆದು ‘ಘಟ್ಟದಲ್ಲಿ ಮಳೆ ಜೋರಾಗಿದೆ, ವಾರ ಹಿಡಿಯಬಹುದು’ ಎಂದು ಬರೆಯುತ್ತೇನೆ. ಅದನ್ನು ಓದಿಯೂ ಕೊಳ್ಳುವವರು ತಡವಾದರೆ ಬೈಯುವುದಿಲ್ಲ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ, ಆ ಚೌಕಕ್ಕಾಗಿ ಇನ್ನರ್ಧ. ಏಪ್ರಿಲ್‌ನಲ್ಲಿ ನವೀಕರಣವಿದೆ, ಕೆಳಗಿನ ಪ್ಲ್ಯಾನನ್ನೇ ಮುಂದುವರಿಸುತ್ತೇನೆ. ಕಾಗದದಷ್ಟು ತೆಳುವಾದ ನಮ್ಮ ಕಡೆಯ ಸಿಹಿತಿಂಡಿ ತೊಡೆದೇವು ಏಕೆ ಮಾರುವುದಿಲ್ಲ ಎಂದು ಕೇಳುವವರಿಗೆ ಉತ್ತರ: ಅದು ಪುಡಿಯಾಗದಂತೆ ಕಳಿಸುವ ಪೆಟ್ಟಿಗೆ ಇನ್ನೂ ಸಿಕ್ಕಿಲ್ಲ. ಬೇಕಾದವರು ಸಿರಸಿಗೆ ಬರುವ ಹಿಂದಿನ ದಿನ ಫೋನ್ ಮಾಡಿ.